78 ಬಾರ್ ಎಲ್ಲಿ ಹೋದವು?

ಪ್ರಶ್ನೆ: ಸರ್, ನಾನು ದಾವಣಗೆರೆ ವಿದ್ಯಾನಗರದವನು. ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದು ನಿವೃತ್ತನಾದವನು. ನನಗೆ ನೋಟೇಶನ್ ಓದಲು ಬರುವುದಿಲ್ಲ. ಮಗಳು ಚಿಕ್ಕಂದಿನಿಂದ ಪಿಯಾನೊ ಕಲಿಯುತ್ತಿದ್ದಾಳೆ. ಎಂಟು ತಿಂಗಳಿಂದ ರಾಕ್ಮನಿನೋವ್ ಎಂಬ ರಷ್ಯನ್ ಸಂಗೀತಗಾರರ ನಾಲ್ಕನೇ ಪಿಯಾನೊ ಕನ್ಸರ್ಟೊ ಹಿಡಿದಿದ್ದಾಳೆ, ಅಂದರೆ ಆರ್ಕೆಸ್ಟ್ರಾ ಜೊತೆ ಒಬ್ಬರು ಪಿಯಾನೊ ನುಡಿಸುವ ಕೃತಿ. ಪುಸ್ತಕ ಕೊಟ್ಟಿದ್ದು ನನ್ನ ಹೆಂಡತಿಯ ಸೋದರಮಾವ. ಅವರು ಮೈಸೂರಿನಲ್ಲಿ ಪಿಯಾನೊ ಹೇಳಿಕೊಡುತ್ತಿದ್ದರು. ಹಾಳೆಗಳು ಹಳದಿಯಾಗಿವೆ. ಪ್ಯಾರಿಸ್, 1928 ಎಂದು ಅಚ್ಚಾಗಿದೆ. ಬೆಂಗಳೂರಿನಲ್ಲಿರುವ ಅವಳ ಗೆಳತಿ ಎರಡನೇ ಪಿಯಾನೊದಲ್ಲಿ ಆರ್ಕೆಸ್ಟ್ರಾದ ಭಾಗ ನುಡಿಸಬೇಕು. ಅವಳ ಹತ್ತಿರ ಇರುವುದು ಹೊಸ ಪುಸ್ತಕ. ಹೆಸರು, ನಂಬರ್ ಎಲ್ಲ ಒಂದೇ. ಆದರೆ ಇಬ್ಬರೂ ಕೂತು ನುಡಿಸಿದರೆ ಅರ್ಧಕ್ಕೇ ದಾರಿ ತಪ್ಪುತ್ತದೆ. ಕೊನೆಗೆ ನಾನೇ ಪೆನ್ಸಿಲ್ ಹಿಡಿದು ಬಾರ್ ಎಣಿಸಿದೆ. ಬಾರ್ ಅಂದರೆ ನೋಟೇಶನ್‌ನಲ್ಲಿ ಎರಡು ನಿಂತ ಗೆರೆಗಳ ನಡುವಿನ ತುಣುಕು. ಹಳೆಯದರಲ್ಲಿ ಮೂರು ಭಾಗಕ್ಕೆ 346, 80, 476. ಒಟ್ಟು 902 ಬಾರ್. ಹೊಸದರಲ್ಲಿ 313, 77, 434. ಒಟ್ಟು 824. ಅಂದರೆ 78 ಕಡಿಮೆ. ಮೊಬೈಲಿನಲ್ಲಿ ಕೇಳಿದ ಒಂದು ರೆಕಾರ್ಡಿಂಗ್ ಎರಡಕ್ಕೂ ಹೊಂದುವುದಿಲ್ಲ, ಇನ್ನೂ ಉದ್ದವಾಗಿದೆ. ಮಗಳಿಗೆ ಕಲಿಸುವವರು ‘ಹಳೆಯದು ತಪ್ಪು ಪ್ರಿಂಟು, ರದ್ದಿಗೆ ಹಾಕಿ’ ಎನ್ನುತ್ತಾರೆ. ಮಾವನವರು ‘ಅದೇ ಅಸಲಿ, ಅರಮನೆಯಿಂದ ಬಂದಿದ್ದು’ ಎನ್ನುತ್ತಾರೆ. ಡಿಸೆಂಬರಿನಲ್ಲಿ ಇಲ್ಲೇ ಒಂದು ಸಣ್ಣ ಕಾರ್ಯಕ್ರಮ ಇದೆ. ನಾವು ಯಾವುದನ್ನು ನಂಬಬೇಕು?

ಉತ್ತರ: ಸ್ವಾಮಿ, ನಿಮ್ಮ ಎಣಿಕೆ ಸರಿಯಾಗಿದೆ. ಒಂದು ಬಾರ್ ಕೂಡ ಹೆಚ್ಚುಕಡಿಮೆ ಇಲ್ಲ. ಕ್ಯಾಶ್ ಶಾರ್ಟ್ ಆಗಿಲ್ಲ, ಕಳ್ಳತನವೂ ಆಗಿಲ್ಲ. ಆ 78 ಬಾರ್‌ಗಳನ್ನು ಖಾತೆದಾರರೇ ಬಂದು ಡ್ರಾ ಮಾಡಿಕೊಂಡಿದ್ದಾರೆ. ಬರೆದ ರಾಕ್ಮನಿನೋವ್ ಅವರೇ, 1941ರಲ್ಲಿ.

ನನ್ನ ಪರಿಚಯ ಎರಡೇ ಮಾತಿನಲ್ಲಿ ಹೇಳಿಬಿಡುತ್ತೇನೆ. ನಾನು ಚಿತ್ರದುರ್ಗದವನು. ಹೆಚ್ಚಿನ ಆಯಸ್ಸು ಕಳೆದಿದ್ದು ಮುಂಬೈಯಲ್ಲಿ, ಆರ್ಕೆಸ್ಟ್ರಾಗಳಿಗೆ ನೋಟೇಶನ್ ತರಿಸುವುದು, ತಿದ್ದುವುದು, ಸ್ಟ್ಯಾಂಡಿನ ಮೇಲೆ ಇಡುವುದು, ಮತ್ತೆ ಎಣಿಸಿ ಒಳಗಿಡುವುದು ಇದರಲ್ಲೇ. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ಅಲ್ಲ, ಪಿಟೀಲು, ಕೊಳಲು, ತುತ್ತೂರಿ ಸೇರಿ ಎಪ್ಪತ್ತು ಎಂಬತ್ತು ಜನ ಕೂತು ನುಡಿಸುವ ಪಾಶ್ಚಾತ್ಯ ಆರ್ಕೆಸ್ಟ್ರಾ. ಊರಿಗೆ ಬಂದಾಗ ‘ದಿನಾ ಬಾರ್ ಲೆಕ್ಕ ಹಾಕ್ತೀನಿ’ ಎಂದರೆ ನೆಂಟರು ಒಂಥರಾ ನೋಡುತ್ತಿದ್ದರು. ನೀವೀಗ ಮಾಡಿದ್ದು ಅದೇ ಕೆಲಸ. ಒಂದೇ ಹೆಸರಿನ ಎರಡು ಪುಸ್ತಕ ಬಂದರೆ ನಾವು ಸಂಗೀತ ಕೇಳುವ ಮೊದಲೇ ಬಾರ್ ಎಣಿಸುತ್ತೇವೆ. ಈ ಕನ್ಸರ್ಟೊದ ವಿಷಯದಲ್ಲಂತೂ ಎಣಿಕೆಯೇ ಅರ್ಧ ಉತ್ತರ ಕೊಡುತ್ತದೆ.

ಯಾಕೆಂದರೆ ಇದರ ಲೆಕ್ಕ ಮೂರು ಸಾಲಿನದು. 1926ರಲ್ಲಿ ಬರೆದು ಮುಗಿಸಿದಾಗ ಇದ್ದದ್ದು 1016 ಬಾರ್. ಮೂರು ಭಾಗಕ್ಕೆ 367, 82, 567. 1928ರಲ್ಲಿ ಅಚ್ಚಾದಾಗ 902. ಅದು ನಿಮ್ಮ ಹಳದಿ ಪುಸ್ತಕ. 1941ರಲ್ಲಿ ಮತ್ತೆ ತಿದ್ದಿದಾಗ 824. ಅದು ನಿಮ್ಮ ಮಗಳ ಗೆಳತಿಯ ಹತ್ತಿರ ಇರುವುದು. ಮೊಬೈಲಿನಲ್ಲಿ ಕೇಳಿದ ‘ಇನ್ನೂ ಉದ್ದ’ದ್ದು ಬಹುಪಾಲು ಮೊದಲನೆಯದೇ ಇರಬೇಕು, 1926ರದ್ದು. ಅದು ಅಚ್ಚಾಗಿ ಎಲ್ಲರ ಕೈಗೆ ಸಿಕ್ಕಿದ್ದು 2000ದಲ್ಲಿ. ಅಲ್ಲಿಯವರೆಗೆ ಹಸ್ತಪ್ರತಿಯಾಗಿಯೇ ಇತ್ತು. ವ್ಲಾದಿಮಿರ್ ಅಶ್ಕೆನಾಜಿ ಹೆಲ್ಸಿಂಕಿಯ ಆರ್ಕೆಸ್ಟ್ರಾ ನಡೆಸಿ, ಅಲೆಕ್ಸಾಂಡರ್ ಗಿಂಡಿನ್ ಪಿಯಾನೊ ನುಡಿಸಿದ ರೆಕಾರ್ಡಿಂಗ್ ಒಂದಿದೆ. ಯೆವ್ಗೆನಿ ಸುದ್ಬಿನ್ ಅವರದ್ದೂ ಇದೆ. ನೀವು ಕೇಳಿದ್ದರ ಕೆಳಗೆ ಈ ಎರಡರಲ್ಲಿ ಒಂದು ಹೆಸರಿದೆಯೇ ನೋಡಿ.

ಹಾಗಾಗಿ ಮಗಳಿಗೆ ಕಲಿಸುವವರ ಮಾತು ಸರಿಯಲ್ಲ. ಹಳೆಯದು ತಪ್ಪು ಪ್ರಿಂಟು ಅಲ್ಲ. ತಪ್ಪು ಪ್ರಿಂಟಿನಲ್ಲಿ ಒಂದು ನೋಟು ಜಾರುತ್ತದೆ, ಸ್ವರ ಏರಿಸುವ ಒಂದು ಶಾರ್ಪ್ ಗುರುತು ಬಿಟ್ಟುಹೋಗುತ್ತದೆ. 78 ಬಾರ್ ಹೆಚ್ಚಾಗಿ ಬಂದು ಕೂರುವುದಿಲ್ಲ. ಅದೂ ಎರಡನೇ ಪಿಯಾನೊದ ಭಾಗ ಸಮೇತ. ಹಾಗಂತ ಅವರನ್ನು ದೂರಬೇಡಿ. ಸುಮಾರು ಎಲ್ಲ ಪಿಯಾನೊ ಮೇಷ್ಟರ ಕಣ್ಣಿಗೂ ಬಿದ್ದಿರುವುದು, ಅಂಗಡಿಯಲ್ಲಿ ಸಿಗುವುದು, ರೆಕಾರ್ಡಿಂಗ್‌ಗಳಲ್ಲಿ ಕೇಳಿಸುವುದು 1941ರದ್ದೇ. 1928ರದ್ದನ್ನು ಒಮ್ಮೆಯೂ ನೋಡದೆ ಇಡೀ ವೃತ್ತಿ ಮುಗಿಸಿದವರು ಎಷ್ಟೋ ಜನ.

ಮಾವನವರ ಮಾತೂ ಅರ್ಧವೇ ಸರಿ. ‘ಹಳೆಯದೇ ಅಸಲಿ’ ಅನ್ನುವುದಾದರೆ 1928ರದ್ದು ಅಸಲಿಯಲ್ಲ, ಅದಕ್ಕಿಂತ ಹಳೆಯದು ಇದೆಯಲ್ಲ! ‘ಕೊನೆಯದೇ ಅಸಲಿ’ ಅನ್ನುವವರೂ ಇದ್ದಾರೆ. ಅವರ ವಾದ ಸ್ವಲ್ಪ ಗಟ್ಟಿ, ಆದರೆ ಅದರಲ್ಲೂ ಒಂದು ತೂತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕರ್ನಾಟಕ ಸಂಗೀತದಲ್ಲಿ ಪಾಠಾಂತರ ಅನ್ನುತ್ತೇವೆ. ಒಂದೇ ಕೃತಿಯನ್ನು ಎರಡು ಗುರುಪರಂಪರೆಯವರು ಬೇರೆ ಬೇರೆ ಸಂಗತಿ ಹಾಕಿ ಹಾಡುತ್ತಾರೆ. ಇದನ್ನು ಕೇಳಿದ ಕೂಡಲೇ ನಿಮ್ಮ ಮನೆಯಲ್ಲಿ ಯಾರಾದರೂ ‘ಇದೂ ಹಾಗೇ ಬಿಡಿ’ ಎಂದರೆ ಪೂರ್ತಿ ಒಪ್ಪಬೇಡಿ. ಅಲ್ಲಿ ಬದಲಾವಣೆ ಆಗುವುದು ಶಿಷ್ಯರ ಬಾಯಿಂದ ಬಾಯಿಗೆ, ತಲೆಮಾರಿನಿಂದ ತಲೆಮಾರಿಗೆ. ಇಲ್ಲಿ ಮೂರೂ ಸಲ ಪೆನ್ನು ಹಿಡಿದವರು ಒಬ್ಬರೇ. ಇದಕ್ಕೆ ಹತ್ತಿರದ ಹೋಲಿಕೆ ನಮ್ಮ ಕಂಪನಿ ನಾಟಕದಲ್ಲಿದೆ. ನಾಟಕ ಬರೆದವನೇ ಕಂಪನಿ ಮಾಲೀಕ, ಅವನೇ ಮುಖ್ಯ ಪಾತ್ರಧಾರಿ ಅಂತಿಟ್ಟುಕೊಳ್ಳಿ. ದಿನಾ ರಾತ್ರಿ ರಂಗದ ಮೇಲಿಂದ ಜನರ ಮುಖ ನೋಡುತ್ತಾನೆ. ಎರಡನೇ ಅಂಕದಲ್ಲಿ ಜನ ಬೀಡಿ ಸೇದಲು ಎದ್ದು ಹೋದರು ಅಂದರೆ ಮುಂದಿನ ಕ್ಯಾಂಪಿಗೆ ಆ ದೃಶ್ಯ ಇರುವುದಿಲ್ಲ. ಪ್ರಾಂಪ್ಟರ್ ಕೈಯಲ್ಲಿರುವ ಪ್ರತಿ ಒಂದು, ಅಚ್ಚಾದ ಪುಸ್ತಕ ಇನ್ನೊಂದು. ರಾಕ್ಮನಿನೋವ್ ಕಥೆ ಬಹಳ ಮಟ್ಟಿಗೆ ಹೀಗೇ.

ಅವರು 1917ರ ಕೊನೆಯಲ್ಲಿ ರಷ್ಯಾ ಬಿಟ್ಟರು. ಹೊರದೇಶದಲ್ಲಿ ಸಂಸಾರ ಸಾಕಬೇಕಿತ್ತು, ಹಾಗಾಗಿ ಊರೂರು ಸುತ್ತಿ ಪಿಯಾನೊ ನುಡಿಸುವುದೇ ಕಸುಬಾಯಿತು. ಮುಂದಿನ ಎಂಟು ಒಂಬತ್ತು ವರ್ಷ ಹೊಸದಾಗಿ ಬರೆದದ್ದು ಇಲ್ಲ ಅನ್ನುವಷ್ಟು ಕಡಿಮೆ. ಆ ಮೌನ ಮುರಿದದ್ದು ಈ ನಾಲ್ಕನೇ ಕನ್ಸರ್ಟೊದಿಂದ. 1926ರ ಆಗಸ್ಟ್‌ನಲ್ಲಿ ಮುಗಿಯಿತು. ನಕಲು ಮಾಡಿದ ಪ್ರತಿ ಕೈಗೆ ಬಂದಾಗ ಅವರಿಗೇ ಗಾಬರಿಯಾಯಿತು. 110 ಪುಟ! ತಮ್ಮ ಹಾಗೆಯೇ ಸಂಗೀತ ಬರೆಯುತ್ತಿದ್ದ ಗೆಳೆಯ ನಿಕೊಲಾಯ್ ಮೆಟ್ನರ್‌ಗೆ ಪತ್ರ ಬರೆದರು. ಇದನ್ನು ವಾಗ್ನರ್‌ನ ದೊಡ್ಡ ಆಪೆರಾ ಸರಣಿಯ ಹಾಗೆ ನಾಲ್ಕಾರು ರಾತ್ರಿ ಆಡಬೇಕೇನೋ ಎಂದು ತಮಾಷೆ ಮಾಡಿದರು. ಆರ್ಕೆಸ್ಟ್ರಾ ಬಾಯಿ ಮುಚ್ಚುವುದೇ ಇಲ್ಲ ಎಂದೂ ಗೊಣಗಿದರು. ಮೆಟ್ನರ್ ಅದನ್ನು ಒಪ್ಪಲಿಲ್ಲ. ಉದ್ದವಾಗಿದೆ ಅಂತ ತನಗೇನೂ ಅನ್ನಿಸಲಿಲ್ಲ ಎಂಬರ್ಥದಲ್ಲಿ ಉತ್ತರ ಬರೆದರು. ಈ ಕನ್ಸರ್ಟೊ ಅರ್ಪಣೆಯಾಗಿರುವುದೂ ಆ ಮೆಟ್ನರ್‌ಗೇ.

ಗಮನಿಸಿ, ಇಷ್ಟು ಹೊತ್ತಿಗೆ ಒಬ್ಬ ಶ್ರೋತೃವೂ ಇದನ್ನು ಕೇಳಿಲ್ಲ. ‘ವಿಮರ್ಶಕರು ಬೈದರು ಅಂತ ಕತ್ತರಿಸಿದರು’ ಎಂಬ ಮಾತನ್ನು ನೀವು ಅಲ್ಲಲ್ಲಿ ಕೇಳುತ್ತೀರಿ. ಬೈದದ್ದು ನಿಜ. 1927ರ ಮಾರ್ಚ್ 18ರಂದು ಫಿಲಡೆಲ್ಫಿಯಾದಲ್ಲಿ ಸ್ಟೊಕೊವ್‌ಸ್ಕಿ ಆರ್ಕೆಸ್ಟ್ರಾ ನಡೆಸಿ, ರಾಕ್ಮನಿನೋವ್ ತಾವೇ ನುಡಿಸಿದರು. ಪತ್ರಿಕೆಗಳು ಚೆನ್ನಾಗಿ ಬರೆಯಲಿಲ್ಲ. ಆದರೆ ಅನುಮಾನದ ಹುಳ ಅದಕ್ಕೂ ಮೊದಲೇ ಅವರ ತಲೆಯಲ್ಲಿತ್ತು. ವಿಮರ್ಶೆ ಅದಕ್ಕೆ ನೀರೆರೆಯಿತು ಅಷ್ಟೆ.

ಆಮೇಲೆ ಕತ್ತರಿ ಹಿಡಿದರು. 114 ಬಾರ್ ತೆಗೆದರು. ಶುರುವಿನ 12 ಬಾರ್‌ಗಳನ್ನು ಬೇರೆ ರೀತಿ ಬರೆದರು. ಮೂರನೇ ಭಾಗಕ್ಕೆ ಮೊದಲು ಒಂದು ನಿಧಾನದ, ನಾಟಕೀಯವಾದ ಪೀಠಿಕೆ ಇತ್ತು, ಅದು ಹೋಯಿತು. ಹೀಗೆ ತಿದ್ದಿದ್ದು 1928ರಲ್ಲಿ ಪ್ಯಾರಿಸ್ಸಿನ ‘ತಾಯಿರ್’ ಪ್ರಕಾಶನದಿಂದ ಹೊರಬಂತು. ತಾಯಿರ್ ಅಂದರೆ ಬೇರೇನಲ್ಲ, ಅವರ ಹೆಣ್ಣುಮಕ್ಕಳಾದ ತಾತ್ಯಾನಾ, ಇರೀನಾ ಹೆಸರಿನ ಮೊದಲ ತುಣುಕುಗಳು. ನಮ್ಮಲ್ಲಿ ಅಂಗಡಿಗೆ ಮಕ್ಕಳ ಹೆಸರಿಡುವುದಿಲ್ಲವೇ, ಹಾಗೆ. ನಿಮ್ಮ ಹಳದಿ ಪುಸ್ತಕ ಅವರ ಮನೆಯ ಅಂಗಡಿಯಿಂದಲೇ ಬಂದದ್ದು. ಅದನ್ನು ರದ್ದಿಗೆ ಹಾಕಿ ಅನ್ನುವುದು ಹೇಗೆ?

1928ರದ್ದಕ್ಕೂ ಯುರೋಪಿನಲ್ಲಿ ಅಂಥ ಸ್ವಾಗತ ಸಿಗಲಿಲ್ಲ. ಅದನ್ನು ಪಕ್ಕಕ್ಕಿಟ್ಟರು. ಹನ್ನೆರಡು ಹದಿಮೂರು ವರ್ಷದ ಮೇಲೆ, 1941ರಲ್ಲಿ, ಮತ್ತೆ ಕೈಗೆತ್ತಿಕೊಂಡರು. ಇನ್ನೂ 78 ಬಾರ್ ಹೋದವು. ಮೂರನೇ ಭಾಗಕ್ಕೆ ಹೆಚ್ಚು ಏಟು ಬಿತ್ತು. ವಾದ್ಯಗಳ ದಟ್ಟಣೆ ಇಳಿಸಿದರು. ಅಕ್ಟೋಬರ್ 17ರಂದು ಅದೇ ಫಿಲಡೆಲ್ಫಿಯಾದಲ್ಲಿ ಓರ್ಮಂಡಿ ನಡೆಸಿದ ಆರ್ಕೆಸ್ಟ್ರಾ ಜೊತೆ ನುಡಿಸಿ, ಡಿಸೆಂಬರ್‌ನಲ್ಲಿ ರೆಕಾರ್ಡ್ ಮಾಡಿದರು. 1943ರಲ್ಲಿ ತೀರಿಕೊಂಡರು. ಈ ರೂಪ ಅಚ್ಚಾದದ್ದು ಅದಾದ ಮೇಲೆ, ಅಮೆರಿಕದಲ್ಲಿ.

ಈಗ ಆ ತೂತಿನ ವಿಷಯ. ಕೊನೆಯ ರೂಪವೇ ಅವರ ಕೊನೆಯ ಮಾತು, ಅದನ್ನೇ ಗೌರವಿಸಬೇಕು ಅನ್ನುವುದು ನ್ಯಾಯವೇ. ಆದರೆ ರಾಕ್ಮನಿನೋವ್ ತಮ್ಮ ಸಂಗೀತ ಕತ್ತರಿಸುವ ವಿಷಯದಲ್ಲಿ ಸ್ವಲ್ಪ ಅಂಜುಬುರುಕರು. 1931ರಲ್ಲಿ ಅದೇ ಮೆಟ್ನರ್‌ಗೆ ಬರೆದ ಇನ್ನೊಂದು ಪತ್ರ ಇದೆ. ಪಿಯಾನೊಗಾಗಿ ಬರೆದ ಒಂದು ಹೊಸ ಕೃತಿ, ಒಂದೇ ರಾಗವನ್ನು ಇಪ್ಪತ್ತು ಬಗೆಯಾಗಿ ತಿರುಗಿಸುವಂಥದ್ದು. ಅದನ್ನು ನುಡಿಸುವಾಗ ಸಭೆಯಲ್ಲಿ ಕೆಮ್ಮು ಜಾಸ್ತಿಯಾದರೆ ಮುಂದಿನದನ್ನು ಬಿಟ್ಟುಬಿಡುತ್ತೇನೆ, ಕೆಮ್ಮು ಇಲ್ಲದಿದ್ದರೆ ವರಸೆಯಾಗಿ ನುಡಿಸುತ್ತೇನೆ ಎಂದು ಬರೆದಿದ್ದಾರೆ. ಒಂದು ಸಣ್ಣ ಊರಿನಲ್ಲಿ ಹತ್ತೇ ನುಡಿಸಿದರಂತೆ. ಇಂಥವರು 78 ಬಾರ್ ತೆಗೆದರೆ ಅದರಲ್ಲಿ ಎಷ್ಟು ಕಲೆಯ ತೀರ್ಮಾನ, ಎಷ್ಟು ಕೆಮ್ಮಿನ ಭಯ? ಬಿಡಿಸಿ ಹೇಳುವುದು ಕಷ್ಟ. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, 1941ರದ್ದು ಚುರುಕಾಗಿದೆ, ಆದರೆ ಮೂರನೇ ಭಾಗದಲ್ಲಿ ಒಂದೆರಡು ಕಡೆ ಬಾಗಿಲು ತೆಗೆಯುವ ಮೊದಲೇ ಒಳಗೆ ನಿಂತಿರುತ್ತೀವಿ. 1928ರದ್ದರಲ್ಲಿ ನಡೆದುಕೊಂಡು ಹೋಗಲು ಜಾಗ ಇದೆ. ನನ್ನ ಜೊತೆ ಕೆಲಸ ಮಾಡಿದ ಎಷ್ಟೋ ಜನ ಇದನ್ನು ಒಪ್ಪುವುದಿಲ್ಲ.

ಒಂದು ಮಾತ್ರ ಖಚಿತ. ಮೂರೂ ಬರೆದವರದ್ದೇ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಎಲ್ಲ ಕನ್ಸರ್ಟೊಗಳಿಗೂ ಈ ಭಾಗ್ಯ ಇಲ್ಲ. ಚೈಕೊವ್‌ಸ್ಕಿಯ ಎರಡನೇ ಕನ್ಸರ್ಟೊ ಇದೆ. ಅದನ್ನು ಅಲೆಕ್ಸಾಂಡರ್ ಸಿಲೋಟಿ ಎಂಬ ಪಿಯಾನೊ ವಾದಕರು ತಮಗೆ ತೋಚಿದ ಹಾಗೆ ಕತ್ತರಿಸಿದರು. ಚೈಕೊವ್‌ಸ್ಕಿ ಅದರಲ್ಲಿ ಬಹಳಷ್ಟನ್ನು ಒಪ್ಪಿರಲಿಲ್ಲ. ಅವರು ತೀರಿಕೊಂಡ ಮೇಲೆ 1897ರಲ್ಲಿ ಕತ್ತರಿಸಿದ್ದೇ ಅಚ್ಚಾಯಿತು, ದಶಕಗಟ್ಟಲೆ ಅದೇ ಓಡಿತು. ಸಿಲೋಟಿ ರಾಕ್ಮನಿನೋವ್‌ಗೆ ಸೋದರತ್ತೆಯ ಮಗನಾಗಬೇಕು, ಗುರುವೂ ಹೌದು. ಕತ್ತರಿ ಮನೆತನದಲ್ಲೇ ಇತ್ತೇನೋ!

ಆ ಸಿಲೋಟಿ ಪ್ರತಿಯಿಂದ ನಾನೇ ಒಂದು ಸಲ ಮರ್ಯಾದೆ ಕಳೆದುಕೊಂಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಆರ್ಕೆಸ್ಟ್ರಾದವರ ನೋಟೇಶನ್ ಬಾಡಿಗೆಗೆ ತರಿಸಬೇಕಿತ್ತು. ಕೃತಿಯ ಹೆಸರು, ನಂಬರ್ ಬರೆದೆ. ಯಾವ ರೂಪ ಅಂತ ಬರೆಯಲಿಲ್ಲ. ಪಿಯಾನೊ ವಾದಕರು ಪೂರ್ತಿ ರೂಪ ಕಲಿತು ಬಂದಿದ್ದರು. ನನಗೆ ಬಂದದ್ದು ಸಿಲೋಟಿ ಕತ್ತರಿಸಿದ್ದು. ಎರಡನೇ ಭಾಗದಲ್ಲಿ ಪಿಟೀಲಿಗೂ ಚೆಲ್ಲೊಗೂ ಉದ್ದದ ಸೋಲೊ ಇದೆ. ಆ ಇಬ್ಬರು ರೆಕಾರ್ಡಿಂಗ್ ಕೇಳಿ, ಮನೆಯಲ್ಲಿ ತಯಾರಿ ಮಾಡಿ, ಹೊಸ ಅಂಗಿ ಬೇರೆ ಹಾಕಿಕೊಂಡು ಬಂದಿದ್ದರು. ಸ್ಟ್ಯಾಂಡಿನ ಮೇಲೆ ನೋಡಿದರೆ ಸೋಲೊದಲ್ಲಿ ಬಹುಪಾಲು ಮಾಯ. ಅರವತ್ತು ಜನ ಇಡೀ ಬೆಳಗ್ಗೆ ಸುಮ್ನೆ ಕೂತರು. ಅವತ್ತಿನಿಂದ ನಾನು ಯಾವ ಕೃತಿಯ ಹೆಸರನ್ನೂ ವರ್ಷ ಇಲ್ಲದೆ ಬರೆದಿಲ್ಲ.

ಇನ್ನು ನಿಮ್ಮ ಡಿಸೆಂಬರ್ ಕಾರ್ಯಕ್ರಮ. ನಿಮ್ಮ ಮುಂದೆ ಇರುವ ದಾರಿಗಳಲ್ಲಿ ಒಂದನ್ನು ಮೊದಲೇ ಮುಚ್ಚಿಬಿಡುತ್ತೇನೆ. ಎರಡೂ ಪುಸ್ತಕದಿಂದ ಚೆನ್ನಾಗಿರುವ ಭಾಗ ಆರಿಸಿ ಹೊಲಿಯುವುದು ಬೇಡ. ಯಾರಾದರೂ ‘ದೊಡ್ಡ ಪಿಯಾನೊ ವಾದಕ ಹೊರೊವಿಟ್ಜ್ ಹಾಗೆ ಮಾಡಲಿಲ್ಲವೇ’ ಎಂದು ಕೇಳುತ್ತಾರೆ. ಮಾಡಿದರು, ಆದರೆ ಅದು ರಾಕ್ಮನಿನೋವ್‌ರ ಎರಡನೇ ಪಿಯಾನೊ ಸೊನಾಟಾ. 1913ರದ್ದು ಮತ್ತು 1931ರದ್ದು ಸೇರಿಸಿ ತಮ್ಮದೇ ರೂಪ ಕಟ್ಟಿಕೊಂಡರು. ಬರೆದವರ ಅನುಮತಿಯೂ ಸಿಕ್ಕಿತ್ತು, ಅದು ಒಬ್ಬರೇ ನುಡಿಸುವ ಕೃತಿಯೂ ಹೌದು. ಕನ್ಸರ್ಟೊದಲ್ಲಿ ಪಿಯಾನೊ ಬದಲಾದ ಕಡೆ ಆರ್ಕೆಸ್ಟ್ರಾವೂ ಬದಲಾಗಿದೆ. ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯುತ್ತದೆ. ಇಬ್ಬರು ಹುಡುಗಿಯರು ಡಿಸೆಂಬರ್‌ವರೆಗೂ ಹೊಲಿಗೆ ಹಾಕುತ್ತಲೇ ಕೂರಬೇಕಾಗುತ್ತದೆ.

1926ರದ್ದನ್ನೂ ಈ ಸಲಕ್ಕೆ ಬಿಡಿ. ಪುಸ್ತಕ ಹೊರಗಿನಿಂದ ತರಿಸಬೇಕು. ಇಬ್ಬರಿಗೂ ಹೊಸದು. ಅದರ ಹಕ್ಕುಗಳ ಲೆಕ್ಕ ಬೇರೆ ಇದೆ, ಸಾರ್ವಜನಿಕವಾಗಿ ನುಡಿಸುವ ಮೊದಲು ಪ್ರಕಾಶಕರನ್ನು ಕೇಳಬೇಕಾಗುತ್ತದೆ. ಕೇಳಿ ಆನಂದಿಸಲಿ, ಅಷ್ಟು ಸಾಕು.

ಉಳಿದದ್ದು ಎರಡು. ಇಬ್ಬರೂ 1941ಕ್ಕೆ ಬರುವುದು, ಇಲ್ಲವೇ ಇಬ್ಬರೂ 1928ಕ್ಕೆ ಬರುವುದು.

1941ಕ್ಕೆ ಬಂದರೆ ಅನುಕೂಲ ಜಾಸ್ತಿ. ಪುಸ್ತಕ ಸುಲಭವಾಗಿ ಸಿಗುತ್ತದೆ. ಬರೆದವರೇ ನುಡಿಸಿದ ರೆಕಾರ್ಡಿಂಗ್ ಇದೆ. 1957ರಲ್ಲಿ ಇಟಲಿಯ ಪಿಯಾನೊ ವಾದಕ ಮಿಕೆಲಾಂಜೆಲಿ ಮಾಡಿದ ರೆಕಾರ್ಡಿಂಗ್ ಅಂತೂ ಕೇಳಲೇಬೇಕು. ಮುಂದೆ ಸ್ಪರ್ಧೆಗೋ ಆರ್ಕೆಸ್ಟ್ರಾದ ಜೊತೆ ನುಡಿಸಲೋ ಅವಕಾಶ ಬಂದರೆ ಎಲ್ಲರೂ ಇದನ್ನೇ ಕೇಳುತ್ತಾರೆ. ಅಪಾಯ ಇರುವುದು ನಿಮ್ಮ ಮಗಳ ಬೆರಳಿನಲ್ಲಿ. ಎಂಟು ತಿಂಗಳು 1928ರ ದಾರಿಯಲ್ಲಿ ಓಡಿದ ಬೆರಳು ಅದು. ಹೊಸ ತಿರುವನ್ನು ತಲೆ ಒಪ್ಪಿದರೂ ಬೆರಳು ಒಪ್ಪುವುದಿಲ್ಲ. ಮನೆಯಲ್ಲಿ ಹತ್ತು ಸಲ ಸರಿ ಬರುತ್ತದೆ, ವೇದಿಕೆ ಮೇಲೆ ಗಾಬರಿಯಾದ ಗಳಿಗೆಯಲ್ಲಿ ಹಳೆಯ ದಾರಿಗೇ ಹೋಗುತ್ತದೆ. ದೊಡ್ಡ ದೊಡ್ಡ ವಾದಕರಿಗೂ ಹೀಗಾಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಹಳೆಯ ರೂಪ ಕಲಿತವರು ಹೊಸದಕ್ಕೆ ಹೊರಳಬೇಕಾದರೆ ನಡುವೆ ಒಂದೆರಡು ತಿಂಗಳು ಆ ಕೃತಿಯನ್ನೇ ಮುಟ್ಟದಿರುವುದು ಒಳ್ಳೆಯದು. ನಿಮಗೆ ಅಷ್ಟು ಸಮಯ ಇಲ್ಲ.

1928ಕ್ಕೆ ಬಂದರೆ ಬದಲಾಯಿಸಬೇಕಾದವಳು ಗೆಳತಿ. ಇಲ್ಲೊಂದು ಸಣ್ಣ ವಿಷಯ ಇದೆ, ಅದೇ ಎಲ್ಲವನ್ನೂ ತೀರ್ಮಾನ ಮಾಡುತ್ತದೆ. ಮುಖ್ಯ ಪಿಯಾನೊ ನುಡಿಸುವವರು ಬಾಯಿಪಾಠದಿಂದ ನುಡಿಸುತ್ತಾರೆ. ಎರಡನೇ ಪಿಯಾನೊದವರು ಪುಸ್ತಕ ಮುಂದಿಟ್ಟುಕೊಂಡು ನೋಡಿ ನುಡಿಸುತ್ತಾರೆ. ನೋಡಿ ನುಡಿಸುವವರಿಗೆ ರೂಪ ಬದಲಾಯಿಸುವುದು ನಾಲ್ಕಾರು ವಾರದ ಕೆಲಸ. ಬಾಯಿಪಾಠದವರಿಗೆ ನಾಲ್ಕಾರು ತಿಂಗಳು. ತೊಂದರೆ ಏನೆಂದರೆ ರೆಕಾರ್ಡಿಂಗ್‌ನ ಆಸರೆ ಸಿಗುವುದು ಕಷ್ಟ. 1928ರದ್ದನ್ನು ನುಡಿಸಿದವರು ಬಹಳ ಕಡಿಮೆ. ಇಬ್ಬರೂ ಕಾಗದವನ್ನೇ ನಂಬಬೇಕು. ನನ್ನನ್ನು ಕೇಳಿದರೆ ಅದು ತೊಂದರೆಯೂ ಅಲ್ಲ, ವಿದ್ಯಾಭ್ಯಾಸ.

ಹಾಗಾಗಿ ಈ ಕಾರ್ಯಕ್ರಮಕ್ಕೆ 1928ರದ್ದನ್ನೇ ಇಟ್ಟುಕೊಳ್ಳಿ. ಕಾರ್ಯಕ್ರಮ ಮುಗಿದ ಮೇಲೆ, ಮಗಳಿಗೆ ಈ ದಾರಿಯಲ್ಲಿ ಮುಂದೆ ಹೋಗುವ ಆಸೆ ಇದ್ದರೆ, 1941ರದ್ದನ್ನು ಹೊಸ ಕೃತಿ ಎಂಬಂತೆ ಮೊದಲಿನಿಂದ ಕಲಿಯಲಿ. ಸ್ಪರ್ಧೆಗೆ ಹೋಗುವುದಾದರೆ ಯಾವ ರೂಪ ಬೇಕು ಎಂದು ಮೊದಲೇ ಕಾಗದದಲ್ಲಿ ಕೇಳಿಕೊಳ್ಳಿ. ಫೋನಿನಲ್ಲಿ ‘ಯಾವುದಾದರೂ ಆಗತ್ತೆ’ ಅನ್ನುವವರು ಆ ದಿನ ಬೇರೆಯವರಾಗಿರುತ್ತಾರೆ.

ಗೆಳತಿಗೆ 1928ರ ಪ್ರತಿ ಬೇಕಲ್ಲ, ಅದಕ್ಕೆ ಹಳದಿ ಪುಸ್ತಕವನ್ನು ಜೆರಾಕ್ಸ್ ಅಂಗಡಿಗೆ ಕೊಡಬೇಡಿ. ಆ ಕಾಲದ ಕಾಗದದಲ್ಲಿ ಆಮ್ಲದ ಅಂಶ ಇರುತ್ತದೆ, ಹಳದಿಯಾಗುವುದು ಅದಕ್ಕೇ. ಗಾಜಿನ ಮೇಲೆ ಮಗುಚಿ ಒತ್ತಿದರೆ ನಡುವೆ ಹಪ್ಪಳದ ಹಾಗೆ ಮುರಿಯುತ್ತದೆ. ಪುಸ್ತಕವನ್ನು ಪೂರ್ತಿ ಅಗಲಿಸದೆ, ಎರಡೂ ಕಡೆ ದಿಂಬು ಕೊಟ್ಟು, ಬೆಳಗಿನ ಬೆಳಕಿನಲ್ಲಿ ಮೇಲಿನಿಂದ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಆ ಫೋಟೊವನ್ನು ಪ್ರಿಂಟ್ ಹಾಕಿಸಿ. ಹರಿದ ಕಡೆ ಸೆಲ್ಲೊಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಅಸಲು ಬೀರುವಿನಲ್ಲಿ ಇರಲಿ, ಮಗಳೂ ಪ್ರಿಂಟಿನಿಂದಲೇ ಅಭ್ಯಾಸ ಮಾಡಲಿ.

ಪ್ರಿಂಟ್ ಬಂದ ಮೇಲೆ ನಿಮ್ಮ ಪೆನ್ಸಿಲ್ಲಿಗೆ ಮತ್ತೆ ಕೆಲಸ. ಪ್ರತಿ ಸಾಲಿನ ಮೊದಲ ಬಾರ್‌ಗೆ ನಂಬರ್ ಹಾಕಿ, ಎರಡೂ ಪ್ರಿಂಟಿನಲ್ಲಿ. ‘237ರಿಂದ’ ಎಂದರೆ ಇಬ್ಬರೂ ಒಂದೇ ಕಡೆ ಬರಬೇಕು. ಒಂದು ಎಚ್ಚರಿಕೆ. ಎರಡು ಪುಸ್ತಕದ ನಡುವೆ ಮೊದಲ ಭಾಗದಲ್ಲಿ 33, ಎರಡನೆಯದರಲ್ಲಿ 3, ಮೂರನೆಯದರಲ್ಲಿ 42 ಬಾರ್ ವ್ಯತ್ಯಾಸ ಇದೆ. ಹಾಗಾದರೆ ಎರಡನೇ ಭಾಗ ಹೆಚ್ಚುಕಡಿಮೆ ಒಂದೇ, ಗೆಳತಿ ಅದಕ್ಕೆ ಹೊಸ ಪುಸ್ತಕವನ್ನೇ ಇಟ್ಟುಕೊಳ್ಳಲಿ ಅಂತ ನಿಮಗೆ ಅನ್ನಿಸಬಹುದು. ಬೇಡ. ಬಾರ್ ಸಂಖ್ಯೆ ತಾಳೆಯಾದ ಮಾತ್ರಕ್ಕೆ ಒಳಗಿನ ನೋಟುಗಳು ತಾಳೆಯಾಗುವುದಿಲ್ಲ. ಟ್ರಯಲ್ ಬ್ಯಾಲೆನ್ಸ್ ಸರಿ ಬಂದು ಎರಡು ತಪ್ಪು ಒಳಗೊಳಗೇ ಹೊಂದಿಕೊಂಡು ಕೂತಿದ್ದನ್ನು ನೀವು ನನಗಿಂತ ಹೆಚ್ಚು ನೋಡಿರುತ್ತೀರಿ.

ಹಾಗಂತ ಹಳದಿ ಪುಸ್ತಕದಲ್ಲಿ ಅಚ್ಚಿನ ತಪ್ಪೇ ಇಲ್ಲ ಅಂತಲ್ಲ. ಯಾವ ಪುಸ್ತಕದಲ್ಲಿ ಇರುವುದಿಲ್ಲ ಹೇಳಿ? ಎರಡು ಪುಸ್ತಕ ಒಂದೇ ದಾರಿಯಲ್ಲಿ ಹೋಗುವ ಕಡೆ ಒಂದೇ ಒಂದು ನೋಟು ಬೇರೆ ಇದ್ದರೆ, ಆಗ ಅನುಮಾನ ಪಡಬೇಕು. ಆ ಗಳಿಗೆಯಲ್ಲಿ ಎರಡನೇ ಪಿಯಾನೊದಲ್ಲಿ ಯಾವ ಸ್ವರ ಇದೆ, ಅದೇ ಸಾಲು ಮತ್ತೆ ಬರುವಾಗ ಹೇಗಿದೆ ಎಂದು ಮಗಳು ನೋಡಲಿ. ಎರಡೂ ಕಡೆ ಸಾಕ್ಷಿ ವಿರುದ್ಧವಾಗಿದ್ದರೆ ಪೆನ್ಸಿಲಿನಲ್ಲಿ ತಿದ್ದಲಿ. ಹತ್ತು ಹದಿನೈದು ಬಾರ್ ಉದ್ದಕ್ಕೂ ಎರಡೂ ಕೈ ಬೇರೆ ನಡೆ ಹಿಡಿದಿದ್ದರೆ ಅದು ತಪ್ಪಲ್ಲ, ತಿದ್ದುಪಡಿ. ಅದನ್ನು ಮುಟ್ಟಬಾರದು.

ಅರಮನೆಯ ಮಾತಿಗೆ ಬರೋಣ. ಮಾವನವರ ಮಾತನ್ನು ನಾನು ನಗಾಡುವುದಿಲ್ಲ, ಯಾಕೆಂದರೆ ಅದರ ಹಿಂದೆ ಒಂದು ನಿಜವಾದ ಕಥೆ ಇದೆ. ಈ ಕನ್ಸರ್ಟೊ ಯಾರಿಗೆ ಅರ್ಪಣೆಯಾಗಿದೆಯೋ ಆ ಮೆಟ್ನರ್ ಕೊನೆಗಾಲದಲ್ಲಿ ಲಂಡನ್ನಿನಲ್ಲಿ ಕಷ್ಟದಲ್ಲಿದ್ದರು. ಅವರ ಸಂಗೀತವನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್. ಸ್ವತಃ ಪಿಯಾನೊ ಬಲ್ಲವರು. 1940ರ ದಶಕದ ಕೊನೆಯಲ್ಲಿ ಮೆಟ್ನರ್‌ರ ಮೂರೂ ಪಿಯಾನೊ ಕನ್ಸರ್ಟೊಗಳು ರೆಕಾರ್ಡ್ ಆದದ್ದು ಆ ನೆರವಿನಿಂದ. ಮೆಟ್ನರ್ ತಮ್ಮ ಮೂರನೇ ಕನ್ಸರ್ಟೊವನ್ನು ಅವರಿಗೇ ಅರ್ಪಿಸಿದರು. ಹಾಗಾಗಿ ಪ್ಯಾರಿಸ್ಸಿನಲ್ಲಿ ಅಚ್ಚಾದ ಇಂಥ ಪುಸ್ತಕ ಮೈಸೂರಿನಲ್ಲಿ ಸಿಕ್ಕರೆ ನನಗೆ ಆಶ್ಚರ್ಯವಿಲ್ಲ. ಆದರೆ ಮೈಸೂರಿನಲ್ಲಿ ಸಿಕ್ಕಿದ್ದೆಲ್ಲ ಅರಮನೆಯದ್ದಲ್ಲ. ಮೊದಲ ಪುಟದಲ್ಲೋ ಹಿಂದಿನ ರಟ್ಟಿನ ಒಳಗೋ ಮುದ್ರೆ, ಸಹಿ, ಅಂಗಡಿಯ ಚೀಟಿ ಏನಾದರೂ ಇದೆಯೇ ನೋಡಿ. ಇಲ್ಲದಿದ್ದರೆ ಅದು ಒಬ್ಬ ಪಿಯಾನೊ ಮೇಷ್ಟರ ಪುಸ್ತಕ. ಲಕ್ಷಗಟ್ಟಲೆ ಬರುವುದಿಲ್ಲ. ಅಂಚಿನಲ್ಲಿ ಮಾವನವರು ಬರೆದಿಟ್ಟ ಬೆರಳಿನ ನಂಬರ್‌ಗಳಿದ್ದರೆ ನಿಮ್ಮ ಮಗಳಿಗೆ ಅದೇ ಹೆಚ್ಚು ಉಪಯೋಗ.

ಪುಸ್ತಕ ನೋಡಬೇಕು ಅನ್ನಿಸಿದರೆ ಚಿತ್ರದುರ್ಗಕ್ಕೆ ಬನ್ನಿ, ಹೈವೇಯಲ್ಲಿ ಒಂದು ಗಂಟೆ ದಾರಿ. ಬರುವಾಗ ಎರಡೂ ತನ್ನಿ. ಮತ್ತೆ ಆಹ್ವಾನ ಪತ್ರಿಕೆಯಲ್ಲಿ ಹೀಗೆ ಹಾಕಿಸಿ: ‘ರಾಕ್ಮನಿನೋವ್, ಪಿಯಾನೊ ಕನ್ಸರ್ಟೊ ನಂ. 4, ಜಿ ಮೈನರ್, ಓಪಸ್ 40, 1928ರ ರೂಪ, ಎರಡು ಪಿಯಾನೊಗಳಿಗೆ’. ಪ್ರೆಸ್ಸಿನವರು ಸಾಲು ಉದ್ದವಾಯಿತು ಅಂತ ಆ ವರ್ಷವನ್ನೇ ಮೊದಲು ತೆಗೆಯುತ್ತಾರೆ. ಪ್ರೂಫ್ ನೀವೇ ನೋಡಿ.